ಈ ಬಿಸಿಲಿಗೆ ಯಾವ ಇಲಿ?

ದೇವಸುಗೂರು, 12 ಏಪ್ರಿಲ್ 2024, ಶುಕ್ರವಾರ

ರಜೆ ಬಿದ್ದ ಕೂಡಲೇ ಮಗಳ ಬೇಡಿಕೆ ಮತ್ತೆ ಎದ್ದಿದೆ. ನಾಯಿ ಬೇಡ, ಗಿಳಿ ಬೇಡ, ಚಿಂಚಿಲ್ಲಾ ಬೇಕು. ಅದು ಸಿಗದಿದ್ದರೆ ಡೇಗು, ಇಲ್ಲವೇ ಜರ್ಬಿಲ್, ಕೊನೆಗೆ ಹ್ಯಾಮ್‌ಸ್ಟರ್. ಇಷ್ಟದ ಪ್ರಕಾರ ಪಟ್ಟಿ ಬರೆದು ಫ್ರಿಜ್ಜಿಗೆ ಅಂಟಿಸಿದ್ದಾಳೆ. ಆ ಪಟ್ಟಿಯನ್ನು ಪ್ರಾಣಿಯ ಕಡೆಯಿಂದ ತಿರುಗಿ ಬರೆಯಬೇಕು. ಮಧ್ಯಾಹ್ನ ಗೋಡೆ ಮುಟ್ಟಿದರೆ ಕೈ ಸುಡುವ ಈ ಊರಿನಲ್ಲಿ ಯಾವುದು ನೆಮ್ಮದಿಯಾಗಿ ಬದುಕೀತು ಎಂಬಲ್ಲಿಂದ ಶುರುಮಾಡುತ್ತೇನೆ.

ಅತ್ತೆಯವರಿಗೆ ಇದು ಹಿಡಿಸಿಲ್ಲ. "ಇಲಿ ಕಾಟಕ್ಕ ಬೆಕ್ಕು ಸಾಕಿದ ಮನಿ ಇದು. ನೀವು ರೊಕ್ಕಾ ಕೊಟ್ಟು ಇಲಿ ತರ್ತೀರೇನವಾ?" ಮಾನ್ವಿಯ ಗದ್ದೆಯ ಬದುವಿನಲ್ಲಿ ಇಲಿ ತೂತು ಕೊರೆದು, ಕಟ್ಟಿದ ನೀರು ಸೋರಿಹೋಗುವುದನ್ನು ವರ್ಷವರ್ಷ ಕಂಡವರು ಅವರು. ಅವರ ಮಾತನ್ನು ಹಗುರವಾಗಿ ತಳ್ಳಿಹಾಕಲಾರೆ.

14 ಏಪ್ರಿಲ್, ರವಿವಾರ

ಚಿಂಚಿಲ್ಲಾ ಚಿಲಿ ದೇಶದ ಆಂಡಿಸ್ ಬೆಟ್ಟಗಳ ಪ್ರಾಣಿ. ಒಂದೊಂದು ರೋಮಕೂಪದಿಂದ 50ಕ್ಕೂ ಹೆಚ್ಚು ಎಳೆ ಹೊರಡುವಷ್ಟು ದಟ್ಟ ತುಪ್ಪಳ. ಆ ತುಪ್ಪಳಕ್ಕಾಗಿಯೇ ಬೇಟೆಯಾಡಿ ಕಾಡಿನಲ್ಲಿ ಅದರ ಕುಲವನ್ನು ಬಹುಪಾಲು ಮುಗಿಸಿದರು. 1923ರಲ್ಲಿ ಮಥಾಯಸ್ ಚಾಪ್ಮನ್ ಎಂಬ ಗಣಿ ಎಂಜಿನಿಯರ್ ಹತ್ತು-ಹನ್ನೆರಡು ಚಿಂಚಿಲ್ಲಾಗಳನ್ನು ಕ್ಯಾಲಿಫೋರ್ನಿಯಾಕ್ಕೆ ಒಯ್ದ. ಇಂದು ಮನೆಗಳಲ್ಲಿರುವವು ಹೆಚ್ಚಾಗಿ ಅವುಗಳ ಸಂತಾನ. 25 ಡಿಗ್ರಿ ದಾಟಿದರೆ ಅದಕ್ಕೆ ಕಷ್ಟ ಶುರು. ಅದು ಬೆವರುವುದಿಲ್ಲ, ಕೋಟು ಬಿಚ್ಚಿಡಲೂ ಆಗದು. ರಾಯಚೂರಿನ ಮೇ ತಿಂಗಳು 42 ದಾಟುವುದು ರೂಢಿ. ಎ.ಸಿ. ಕೋಣೆಯಲ್ಲೇ ಇಡೋಣವೆಂದರೆ ಅದರ ಆಯುಷ್ಯ ಹತ್ತು-ಹದಿನೈದು ವರ್ಷ, ಇನ್ನೂ ಹೆಚ್ಚು ಬಾಳಿದ್ದೂ ಉಂಟು. ಅಷ್ಟು ಬೇಸಿಗೆಗಳಲ್ಲಿ ಕರೆಂಟು ಹೋದ ಒಂದೇ ಮಧ್ಯಾಹ್ನ ಸಾಕು ಅದರ ಜೀವ ಹೋಗಲು.

ಮಗಳು ಒಂದು ಒಳ್ಳೆಯ ಪ್ರಶ್ನೆ ಕೇಳಿದಳು. ಚಿಂಚಿಲ್ಲಾ ನೀರಲ್ಲಿ ಮೀಯುವುದಿಲ್ಲ, ಜ್ವಾಲಾಮುಖಿಯ ಬೂದಿಯಂಥ ನುಣ್ಣನೆ ಪುಡಿಯಲ್ಲಿ ಹೊರಳಿ ಮೈ ಶುದ್ಧ ಮಾಡಿಕೊಳ್ಳುತ್ತದೆ. "ಹಂಗಾದ್ರ ನಮ್ಮೂರಾಗ ಬೂದಿಗೇನು ಕಮ್ಮಿ ಅವ್ವಾ?" ಇಲ್ಲಿಯ ಶಾಖೋತ್ಪನ್ನ ವಿದ್ಯುತ್ ಸ್ಥಾವರದಲ್ಲಿ ಕಲ್ಲಿದ್ದಲು ಸುಟ್ಟ ಹಾರುಬೂದಿ ಬೇರೆ ಎಂದು ವಿವರಿಸಿದೆ. ಅದರ ಸಿಲಿಕಾ ಕಣಗಳು ಶ್ವಾಸಕೋಶದ ಆಳಕ್ಕಿಳಿದು ಕೂರುತ್ತವೆ. ನಮಗೇ ಆಗದ ಧೂಳನ್ನು ಅಷ್ಟು ಸಣ್ಣ ಪ್ರಾಣಿಗೆ ಹೇಗೆ ಎರಚುವುದು? ಪಟ್ಟಿಯ ಮೊದಲ ಹೆಸರಿನ ಮೇಲೆ ಅವಳೇ ಗೆರೆ ಎಳೆದಳು.

17 ಏಪ್ರಿಲ್, ಬುಧವಾರ

ರಾಮನವಮಿ. ಪಾನಕ, ಕೋಸಂಬರಿ ಮುಗಿಸಿ ಉಳಿದವನ್ನು ನೋಡಿದೆವು.

ಡೇಗು ಕೂಡ ಚಿಲಿಯದೇ. ಹಗಲಲ್ಲಿ ಎಚ್ಚರವಿರುತ್ತದೆ, ಬಳಗ ಬಯಸುತ್ತದೆ, ಬುದ್ಧಿ ಚುರುಕು. ಆದರೆ ಸಕ್ಕರೆ ಅದಕ್ಕೆ ವಿಷವಿದ್ದಂತೆ. ಹಣ್ಣು, ಸಿಹಿ ತಿಂದರೆ ಮಧುಮೇಹ ಬಂದು ಕಣ್ಣಿಗೆ ಪೊರೆ ಕಟ್ಟುತ್ತದೆ. ಬಂದವರೆಲ್ಲ ಬಾಳೆಹಣ್ಣು ಮುರಿದು ಕೊಡುವ ನಮ್ಮ ಮನೆಯಲ್ಲಿ ಅದನ್ನು ಕಾಯುವುದು ಆಗದ ಮಾತು.

ಹ್ಯಾಮ್‌ಸ್ಟರ್ ಸುಲಭವಾಗಿ ಸಿಗುತ್ತದೆ. ಇಂದಿನ ಬಂಗಾರಬಣ್ಣದ ಹ್ಯಾಮ್‌ಸ್ಟರ್‌ಗಳು 1930ರಲ್ಲಿ ಸಿರಿಯಾದ ಅಲೆಪ್ಪೊ ಹತ್ತಿರ ಹೊಲದೊಳಗಿನ ಬಿಲ ಅಗೆದು ತೆಗೆದ ಒಂದು ತಾಯಿ-ಮರಿಗಳ ವಂಶ. ಒಂಟಿಯಾಗಿಯೇ ಇರಬೇಕು, ಎರಡನ್ನು ಕೂಡಿಟ್ಟರೆ ಕಾದಾಡಿ ಸಾಯುತ್ತವೆ. ಏಳುವುದು ಮಗಳು ಮಲಗಿದ ಮೇಲೆ. ಹಗಲು ನಿದ್ದೆಯಲ್ಲಿರುವುದನ್ನು ಎಬ್ಬಿಸಿ ಆಡಿಸುವುದು ಹಿಂಸೆ.

ನನ್ನ ಮನಸ್ಸಿನಲ್ಲಿದ್ದದ್ದು ಬಿಳಿ ಇಲಿ. ಮನುಷ್ಯರನ್ನು ಅಷ್ಟು ಹಚ್ಚಿಕೊಳ್ಳುವ ಸಣ್ಣ ಪ್ರಾಣಿ ಇನ್ನೊಂದಿಲ್ಲ. ಆದರೆ ಸಾಕಿದ ಇಲಿಗಳಿಗೆ ಉಸಿರಾಟದ ಸೋಂಕು ಹುಟ್ಟಿನಿಂದಲೇ ಅಂಟಿಕೊಂಡಿರುವುದು ಹೆಚ್ಚು, ಧೂಳು ಕುಡಿದಷ್ಟೂ ಅದು ಕೆರಳುತ್ತದೆ. ಮುಂಜಾನೆ ಮಾಳಿಗೆ ಗುಡಿಸಿದಾಗ ಮೊರದಲ್ಲಿ ಬರುವ ಬೂದಿಯನ್ನು ನೋಡಿ, ಆಸೆ ಕೈಬಿಟ್ಟೆ.

20 ಏಪ್ರಿಲ್, ಶನಿವಾರ, ದೇವದುರ್ಗ

ತವರಿಗೆ ಬಂದಿದ್ದೇವೆ. ಕಾಲುವೆ ನೀರು ಏರದ ಎರಿ ಹೊಲ ನಮ್ಮಪ್ಪನದು. ಈಗ ಕಾಲು ಸಿಕ್ಕಿಬೀಳುವಷ್ಟು ಬಿರುಕು ಬಿಟ್ಟಿದೆ. ಈ ಬಿರುಕುಗಳೇ ಎಷ್ಟೋ ಜೀವಗಳ ಮನೆ. 1824ರಲ್ಲಿ ಕಿತ್ತೂರಿನಲ್ಲಿ ಸೆರೆಯಾಗಿದ್ದ ಬ್ರಿಟಿಷ್ ಅಧಿಕಾರಿ ವಾಲ್ಟರ್ ಎಲಿಯಟ್ ಮುಂದೆ ಧಾರವಾಡ ಸೀಮೆಯ ಪ್ರಾಣಿಗಳನ್ನು ಅಭ್ಯಾಸ ಮಾಡಿ 1839ರಲ್ಲಿ ಪ್ರಕಟಿಸಿದ ಬರಹದಲ್ಲಿ ಇದನ್ನು ನಿಚ್ಚಳವಾಗಿ ಹೇಳಿದ್ದಾನೆ. ಮೆತ್ತನೆ ಕೂದಲಿನ ಹೊಲದಿಲಿಗಳು ಬೇಸಿಗೆಯಲ್ಲಿ ಎರೆಮಣ್ಣಿನ ಬಿರುಕಿನಲ್ಲಿ ವಾಸಿಸುತ್ತವೆ, ಮೊದಲ ಮಳೆಗೆ ಬಿರುಕು ಮುಚ್ಚಿದಾಗ ಅಲ್ಲೇ ಹೂತು ಅಪಾರ ಸಂಖ್ಯೆಯಲ್ಲಿ ಸಾಯುತ್ತವೆ. 1826ರಲ್ಲಿ ಮುಂಗಾರು ಶುರುವಿಗೆ ಕೈಕೊಟ್ಟಿತು. ಇಲಿ ಹೆಚ್ಚಿ ಬಿತ್ತಿದ ಬೀಜ ತಿಂದವು, ಜೋಳದ ದಂಟು ಹತ್ತಿ ತೆನೆ ಕತ್ತರಿಸಿದವು. ರೈತರಿಗೆ ಕಂದಾಯ ಕಟ್ಟಲೂ ಆಗಲಿಲ್ಲ. ವಡ್ಡರು ಕಾಳಿನ ಕೂಲಿಗೆ ಸಾವಿರಗಟ್ಟಲೆ ಹೊಡೆದರೂ ಅವು ಕಡಿಮೆಯಾಗಲಿಲ್ಲವಂತೆ. ಮಳೆಯ ಲೆಕ್ಕ ತಪ್ಪಿದರೆ ಇಲಿಯ ಲೆಕ್ಕವೂ ತಪ್ಪುವುದನ್ನು ಎರಿ ಹೊಲದ ಬಗ್ಗೆ ಇಷ್ಟು ಹತ್ತಿರದಿಂದ ಬರೆದದ್ದನ್ನು ನಾನು ಬೇರೆಲ್ಲೂ ಓದಿಲ್ಲ.

ಕತ್ತಲಾದ ಮೇಲೆ ಅಪ್ಪ ಮೊಮ್ಮಗಳನ್ನು ಹೊಲಕ್ಕೆ ಕರೆದೊಯ್ದರು, ನಾನೂ ಹೋದೆ. "ಬ್ಯಾಟರಿ ಕಣ್ಣಿಗೆ ಹಿಡೀಬ್ಯಾಡ, ನೆಲಕ್ಕ ಹಿಡಿ." ಬದುವಿನ ಆಚೆ ಅದು ಕಂಡಿತು: ದೊಡ್ಡ ಕಣ್ಣು, ಬಿಳಿ ಹೊಟ್ಟೆ, ಮೈಗಿಂತ ಉದ್ದ ಬಾಲ, ತುದಿಯಲ್ಲಿ ಕಪ್ಪು ಕುಚ್ಚು. ನಮ್ಮ ನೆಲದ್ದೇ ಜರ್ಬಿಲ್, ಟಟೇರಾ ಇಂಡಿಕಾ. ಚಿಗರಿಯ ಹಾಗೆ ಜಿಗಿದು ಹೋಯಿತು.

"ಇದನ್ನ ಒಯ್ಯೋಣ" ಅಂದಳು ಮಗಳು. ಬೇಡವೆಂದೆ. ದಕ್ಷಿಣ ಭಾರತದಲ್ಲಿ ಪ್ಲೇಗಿನ ರೋಗಾಣು ಕಾಡಿನಲ್ಲಿ ಉಳಿದುಕೊಂಡದ್ದು ಇದೇ ಜಾತಿಯ ಮೈಯಲ್ಲಿ. ರೋಗದ ಭಯವಿಲ್ಲದಿದ್ದರೂ ನಾನು ಒಪ್ಪುತ್ತಿರಲಿಲ್ಲ. ರಾತ್ರಿಯಿಡೀ ಹೊಲ ಸುತ್ತುವುದನ್ನು ಹಿಡಿದು ಪೆಟ್ಟಿಗೆಯಲ್ಲಿ ಮುಚ್ಚಿಟ್ಟರೆ ಅದು ಸಾಕಿದಂತಲ್ಲ.

9 ಮೇ, ಗುರುವಾರ, ದೇವಸುಗೂರು

ಚುನಾವಣೆ ಕೆಲಸ ಮುಗಿಯಿತು. ಮಂಗಳವಾರದ ಮತದಾನದ ಬಿಸಿಲು ಇನ್ನೂ ತಲೆಯಲ್ಲೇ ಇದೆ.

ಜರ್ಬಿಲ್ ಎಂದು ತೀರ್ಮಾನಿಸಿದ್ದೇವೆ, ಹೊಲದ್ದಲ್ಲ, ಮಂಗೋಲಿಯಾದ್ದು. 1935ರಲ್ಲಿ ಹಿಡಿದು ಜಪಾನಿನ ಪ್ರಯೋಗಾಲಯಕ್ಕೆ, 1954ರಲ್ಲಿ ಅಮೆರಿಕಕ್ಕೆ ಒಯ್ದ ಇಲಿಗಳ ವಂಶ, ಪೀಳಿಗೆಗಳಿಂದ ಮನುಷ್ಯರ ಜೊತೆ ಬೆಳೆದದ್ದು. ಒಣ ಹವೆ ಅದಕ್ಕೆ ಹೊಂದುತ್ತದೆ, ನೀರು ಕಡಿಮೆ ಕುಡಿಯುತ್ತದೆ, ಉಚ್ಚೆ ಕಡಿಮೆ, ವಾಸನೆ ಕಡಿಮೆ. ಹಗಲು-ರಾತ್ರಿ ಎರಡರಲ್ಲೂ ಆಗಾಗ ಎದ್ದು ಓಡಾಡುವುದರಿಂದ ಶಾಲೆಯಿಂದ ಬಂದವಳಿಗೂ ಕಾಣಸಿಗುತ್ತದೆ. ಒಂಟಿ ಇಡಬಾರದು. ಒಂದೇ ಸೂಲಿನ ಎರಡು ಹೆಣ್ಣುಮರಿ ಬೇಕೆಂದು, ಹೈದರಾಬಾದಿನಲ್ಲಿ ಮನೆಯಲ್ಲೇ ಮರಿ ಮಾಡಿಸುವವರಿಗೆ ಹೇಳಿದ್ದೇನೆ. ಈಗ ಬೇಡ, ಮಿರಗದ ಮಳೆ ಬಿದ್ದು ನೆಲ ತಂಪಾದ ಮೇಲೆ. ಈ ಸೆಕೆಯಲ್ಲಿ ಬಸ್ಸಿನ ಪ್ರಯಾಣ ಮರಿಗಳಿಗೆ ತಡೆಯದು.

ಗಾಜಿನ ತೊಟ್ಟಿಯನ್ನು ನಡುಮನೆಯ ಫರಸಿ ನೆಲದ ಮೇಲಿಡುವುದು, ಕಿಟಕಿಯಿಂದ ದೂರ. ಬಿಲ ತೋಡಲು ಗೇಣು ಆಳದಷ್ಟು ಕಾಗದದ ಚೂರು, ಒಣಹುಲ್ಲು. ಒಳಗೆ ಮಗ್ಗುಲಾಗಿಟ್ಟ ಮಣ್ಣಿನ ಕುಡಿಕೆ, ಮುಂದಿನ ಬೇಸಿಗೆಗೆ ತಂಪು. ನವಣೆ, ಸಜ್ಜೆ ಮನೆಯಲ್ಲೇ ಇವೆ, ಸೂರ್ಯಪಾನದ ಬೀಜ ದಿನಕ್ಕೆ ಒಂದೆರಡು ಸಾಕು, ಕೊಬ್ಬು ಹೆಚ್ಚು. ಬಾಲ ಹಿಡಿದು ಎತ್ತಬಾರದು, ಚರ್ಮ ಕಳಚಿ ಬರುತ್ತದೆ. ಇದನ್ನು ಮಗಳು ಕೆಂಪು ಶಾಯಿಯಲ್ಲಿ ಬರೆದಿದ್ದಾಳೆ.

ಅತ್ತೆಯವರು ಕೇಳಿದ್ದು ಒಂದೇ: "ಬೆಕ್ಕು?" ತೊಟ್ಟಿಗೆ ಕಬ್ಬಿಣದ ಜಾಳಿಗೆಯ ಮುಚ್ಚಳ ಮಾಡಿಸಲು ನಾಳೆ ವೆಲ್ಡಿಂಗ್ ಅಂಗಡಿಗೆ ಅಳತೆ ಕೊಡಬೇಕು.