ಆಟಿ ತಿಂಗಳ ಹ್ಯಾಂಡ್‌ಬ್ರೇಕ್

14 ಜುಲೈ 2024, ಆದಿತ್ಯವಾರ

ಬೆಳಿಗ್ಗೆಯಿಂದ ಬಿಡದ ಮಳೆ. ಕಾರ್ಕಳ ಪೇಟೆಗೆ ಹೋಗಿ ಬಂದೆವು. ಟ್ರಾಲಿಂಗ್ ರಜೆ, ಮೀನಿಗೆ ಕೈ ಹಾಕುವ ಹಾಗಿಲ್ಲ. ಬಂಗುಡೆ ಬಿಟ್ಟು ಬಸಳೆ ತಂದೆವು.

ಅಂಗಳದ ಏರಿನಲ್ಲಿ ಕಾರು ನಿಲ್ಲಿಸುವ ಕ್ರಮ ನಮ್ಮಲ್ಲೊಂದು ಉಂಟು. ನಾನು ಬ್ರೇಕ್ ತುಳಿದು ಕೂರುವುದು, ಅಮ್ಮ ಇಳಿದು ಹಿಂದಿನ ಚಕ್ರಕ್ಕೆ ಮುರಕಲ್ಲಿನ ತುಂಡು ಕೊಡುವುದು. ಇವತ್ತು ಕೊಡೆ ಹಿಡಿದುಕೊಂಡೇ ಬಗ್ಗಿದರು. ಏಳುವಾಗ ಡಿಕ್ಕಿಗೆ ಕೈ ಊರಿದರು. ಕನ್ನಡಿಯಲ್ಲಿ ಕಂಡಿತು.

16 ಜುಲೈ, ಮಂಗಳವಾರ

ಇವತ್ತು ಸಂಕ್ರಮಣ, ನಾಳೆಯಿಂದ ಆಟಿ. ಆರ್‌ಸಿ ತೆಗೆದು ನೋಡಿದೆ. 2009ರ ಗಾಡಿ, ಮಾರುತಿ 800. ಆಗಸ್ಟಿಗೆ 15 ವರ್ಷ. ಇನ್ನು ಆರ್‌ಸಿ ನವೀಕರಣಕ್ಕೆ ಫಾರಂ 25, ಐದು ಸಾವಿರ ಫೀಸು, ಹಸಿರು ತೆರಿಗೆ ಬೇರೆ. ಗಾಡಿಯನ್ನು ಮಣಿಪಾಲದ ಆರ್‌ಟಿಒಗೆ ಒಯ್ದು ತೋರಿಸಬೇಕು. ಬೆಂಗಳೂರಿನಿಂದ ತಮ್ಮನ ಫೋನು: “ಮಾರಿಬಿಡಕ್ಕ.” ಅಪ್ಪನಿಗೆ ಹೇಳಲಿಲ್ಲ.

ಹ್ಯಾಂಡ್‌ಬ್ರೇಕ್ ಹಿಡಿಯದ ವಿಷಯ ಮಾತ್ರ ಅಪ್ಪನ ಹತ್ತಿರ ಎತ್ತಿದೆ. “ಗೇರಲ್ಲಿ ಇಟ್ರೆ ಸಾಕು ಮಾರಾಯ್ತಿ. ಅದೆಲ್ಲ ಲೈಸೆನ್ಸ್ ಟೆಸ್ಟಿಗೆ.” ಕಣ್ಣಿನ ಪೊರೆಯ ಆಪರೇಷನ್ ಆದ ಮೇಲೆ ಅಪ್ಪ ಓಡಿಸುವುದಿಲ್ಲ. ಗಾಡಿಯ ಬಗ್ಗೆ ಕೊನೆಯ ಮಾತು ಮಾತ್ರ ಈಗಲೂ ಅವರದ್ದೇ.

19 ಜುಲೈ, ಶುಕ್ರವಾರ

ಪೇಟೆಯ ಒಂದು ಗ್ಯಾರೇಜು. ಲಿವರಿನ ಬುಡದ ಕವರು ಎತ್ತಿ ನಟ್ಟು ಬಿಗಿ ಮಾಡಿದರು. ಹತ್ತು ನಿಮಿಷ, 150 ರೂಪಾಯಿ. ಕೊನೆತನಕ ಕಟಕಟ ಬರುತ್ತಿದ್ದ ಲಿವರು ಈಗ ಐದನೇ ಹಲ್ಲಿಗೇ ಗಟ್ಟಿ. ಇಷ್ಟಕ್ಕೇ ಇಷ್ಟು ವರ್ಷ ಕಲ್ಲು ಇಟ್ಟೆವಾ?

21 ಜುಲೈ, ಆದಿತ್ಯವಾರ, ರಾತ್ರಿ

ಬೈಲೂರಿಗೆ ಹೋಗಿ ಬಂದೆ. ಇಳಿದಾಗ ಕರಟಿದ ವಾಸನೆ. ಹಿಂದಿನ ಎಡಚಕ್ರದ ಮೇಲೆ ಮಳೆಹನಿ ಬಿದ್ದಲ್ಲಿ ಚುಂಯ್ ಎಂದು ಆವಿ. ಬಲಚಕ್ರ ತಣ್ಣಗಿದೆ. ಲಿವರು ಒಂದೇ, ಒಂದು ಕಡೆ ಬೆಂಕಿ, ಇನ್ನೊಂದು ಕಡೆ ನೀರು. ಅರ್ಥವಾಗಲಿಲ್ಲ. ಅಮ್ಮ ಕೇಳದೆಯೇ ಕಲ್ಲು ಇಟ್ಟರು.

27 ಜುಲೈ, ಶನಿವಾರ

ಶಾಲೆ ಬಿಟ್ಟ ಮೇಲೆ ಜೋಡುರಸ್ತೆಯ ಇನ್ನೊಂದು ಗ್ಯಾರೇಜು. ಇಲ್ಲಿನ ಅಣ್ಣ ಲಿವರನ್ನು ಮುಟ್ಟಲೇ ಇಲ್ಲ. ಹಿಂದಿನ ಚಕ್ರ ಕಳಚಿ, ಕಚ್ಚಿ ಕೂತ ಡ್ರಮ್ಮಿನ ಎರಡು ತೂತಿಗೆ ಬೋಲ್ಟು ತಿರುಗಿಸಿ ಹೊರಗೆ ತಳ್ಳಿದರು.

ಬಲಗಡೆ: ಬ್ರೇಕ್ ಶೂವಿನ ಲೈನಿಂಗ್ ಸವೆದಿಲ್ಲ, ಆದರೆ ಕರ್ರಗೆ, ಒದ್ದೆ. ವೀಲ್ ಸಿಲಿಂಡರಿನ ರಬ್ಬರು ಸರಿಸಿದಾಗ ಆಯಿಲ್ ಬೆರಳಿನಿಂದ ತೊಟ್ಟಿಕ್ಕಿತು. ಎಡಗಡೆ: ಕೇಬಲಿನ ಒಳಗೆ ತುಕ್ಕು. ಎಳೆದರೆ ಬರುತ್ತದೆ, ಬಿಟ್ಟರೆ ಹಿಂದೆ ಹೋಗುವುದಿಲ್ಲ. ಬಿಸಿಗೆ ಕಾರಣ ಅದು.

“ನಟ್ಟು ಬಿಗಿ ಮಾಡಿದ್ರೆ ಶೂ ಒಣಗ್ತದಾ ಟೀಚರೇ?”

ಕಂಪ್ರೆಸರಿನ ಗಾಳಿ ಹೊಡೆಯಲು ಹೊರಟ ಹುಡುಗನನ್ನು ಗದರಿಸಿ ಸಾಬೂನು ನೀರು ತರಿಸಿದರು. ಹಳೇ ಲೈನಿಂಗಿನ ಧೂಳಿನಲ್ಲಿ ಕಲ್ನಾರು ಇರಬಹುದು, ಊದಿದರೆ ಎದೆಗೆ ಹೋಗುತ್ತದೆಯಂತೆ.

ಆ ಆಯಿಲ್ ಕಾಲುಬ್ರೇಕಿನದ್ದು. ಮನೆಗೆ ಬಂದು ಹೇಳಿದೆ. ಅಪ್ಪ ಪೇಪರು ಮಡಚಿದರು. “ಆಗಾಗ ಕಮ್ಮಿ ಆಗ್ತಿತ್ತು. ನಾನು ತುಂಬಿಸ್ತಿದ್ದೆ.” ಎಷ್ಟು ಸಮಯದಿಂದ ಎಂದು ಕೇಳಬೇಕಿತ್ತು. ಬಾಯಿ ಬರಲಿಲ್ಲ. ಕೇಳಿದ್ದರೂ ಹೇಳುತ್ತಿದ್ದರೋ ಇಲ್ಲವೋ.

30 ಜುಲೈ, ಮಂಗಳವಾರ

ವಯನಾಡಿನ ಸುದ್ದಿ. ಗುಡ್ಡವೇ ಜಾರಿದೆ. ಸಂಜೆಯವರೆಗೂ ಅಪ್ಪ ಟಿವಿ ಬಂದ್ ಮಾಡಲಿಲ್ಲ. ಗಾಡಿ ಗ್ಯಾರೇಜಿನಲ್ಲೇ ಇದೆ, ಕೇಬಲ್ ಬಂದಿಲ್ಲ. ಬಸ್ಸಿನಲ್ಲಿ ಹೋದೆ. ಕಾರಿನ ಮಾತು ಯಾರೂ ಎತ್ತಲಿಲ್ಲ.

3 ಆಗಸ್ಟ್, ಶನಿವಾರ

ಎರಡೂ ಕಡೆಗೆ ಹೊಸ ಶೂ, ಸಿಲಿಂಡರು, ಕೇಬಲು. ಒಂದೇ ಕಡೆ ಹಾಕಿದರೆ ಗಾಡಿ ಬದಿಗೆ ಎಳೆಯುತ್ತದೆ. ಆಯಿಲಿನ ಗಾಳಿ ತೆಗೆದರು. ಶೂ ತನ್ನ ಜಾಗಕ್ಕೆ ಕೂರುವವರೆಗೆ ನನ್ನಿಂದ ಪೆಡಲ್ ತುಳಿಸಿದರು. ಹ್ಯಾಂಡ್‌ಬ್ರೇಕಿನ ನಟ್ಟು ಎಲ್ಲಕ್ಕಿಂತ ಕೊನೆಗೆ. ಲಿವರು ಇಳಿಸಿ ಎರಡೂ ಚಕ್ರ ಕೈಯಲ್ಲಿ ತಿರುಗಿಸಿ ತೋರಿಸಿದರು. ಉಜ್ಜುವ ಸದ್ದಿಲ್ಲ.

“ಮಳೆಗಾಲದಲ್ಲಿ ನಾಲ್ಕು ದಿನ ಗಾಡಿ ತೆಗಿಯುದಿಲ್ಲಾಂತಾದ್ರೆ ಹ್ಯಾಂಡ್‌ಬ್ರೇಕ್ ಎಳೆದು ಬಿಡ್ಬೇಡಿ. ಶೂ ಡ್ರಮ್ಮಿಗೆ ಹಿಡಿತದೆ. ಗೇರಲ್ಲಿಡಿ, ಕಲ್ಲು ಕೊಡಿ.” ಅಪ್ಪನಿಗೆ ಇದನ್ನು ಹೇಳಬೇಕೋ ಬೇಡವೋ.

4 ಆಗಸ್ಟ್, ಆಟಿ ಅಮಾವಾಸ್ಯೆ

ನಸುಕಿನಲ್ಲೇ ಪದ್ಧತಿಯಂತೆ ಹಾಲೆ ಮರದ ಕೆತ್ತೆಯ ಕಷಾಯ. ವಿಪರೀತ ಕಹಿ. ಮಳೆ ಸ್ವಲ್ಪ ಬಿಟ್ಟಿತ್ತು, ಅಪ್ಪನನ್ನು ಕೂರಿಸಿಕೊಂಡು ಗೊಮ್ಮಟಬೆಟ್ಟದ ಏರಿಗೆ ಹೋದೆ. ನಡುವೆ ನಿಲ್ಲಿಸಿ, ನ್ಯೂಟ್ರಲ್ ಮಾಡಿ, ಲಿವರು ಎಳೆದು, ಕಾಲು ತೆಗೆದೆ. ಮೇಲೆ 42 ಅಡಿಯ ಗೊಮ್ಮಟ 1432ರಿಂದ ನಿಂತಿದ್ದಾನೆ. ನಮ್ಮ 800 ಎರಡು ನಿಮಿಷ ನಿಂತರೆ ಸಾಕಿತ್ತು. ನಿಂತಿತು. ಅಪ್ಪ ಬಾಗಿಲಿನ ಹಿಡಿ ಬಿಡಲೇ ಇಲ್ಲ. ಇಳಿಯುವಾಗ ಹೇಳಿದ್ದು ಇಷ್ಟೇ: “ಕ್ಲಚ್ ಸ್ವಲ್ಪ ಗಟ್ಟಿ ಉಂಟು, ನೋಡಿಸು.”

12 ಆಗಸ್ಟ್, ಸೋಮವಾರ

ಮಣಿಪಾಲ. ಕ್ಯೂ ಉದ್ದ ಇತ್ತು, ನೋಡಿದ್ದು ಸ್ವಲ್ಪವೇ ಹೊತ್ತು. ಆರ್‌ಸಿ 2029ರ ಆಗಸ್ಟಿನವರೆಗೆ ಆಯಿತು. ತಮ್ಮನಿಗೆ ತಿಳಿಸಿದೆ, ಉತ್ತರ ಇಲ್ಲ. ಗ್ಯಾರೇಜಿನ ಬಿಲ್ಲು 3,400. ಡ್ರಮ್ಮು ಬಿಚ್ಚದೆ ಹ್ಯಾಂಡ್‌ಬ್ರೇಕ್ ಸರಿ ಮಾಡಿಕೊಡುತ್ತೇನೆ ಅನ್ನುವವರ ಕೈಗೆ ಇನ್ನು ಗಾಡಿ ಕೊಡುವುದಿಲ್ಲ.