ಬಾಪನ ಗಾಳದ ಕೋಲು

ಬಾಪ ತೀರಿಕೊಂಡಾಗ ಪಾಲು ಮಾಡಿಕೊಳ್ಳಲು ಹೆಚ್ಚೇನೂ ಇರಲಿಲ್ಲ. ಮನೆ, ಮನೆಯ ಸುತ್ತಲಿನ ಒಂದಿಷ್ಟು ಜಾಗ, ಜಿನಸಿನ ಅಂಗಡಿ, ಅದರ ಬಾಕಿ ಪುಸ್ತಕ. ಸಾಲವಿದ್ದುದನ್ನು ಮೊದಲು ತೀರಿಸಿ, ಉಳಿದುದನ್ನು ಶರೀಅತ್ತಿನ ಪ್ರಕಾರ ಉಮ್ಮನಿಗೂ ಮಕ್ಕಳಿಗೂ ಲೆಕ್ಕ ಹಾಕಿ ಬರೆದುಕೊಂಡೆವು. ಗಾಳದ ಕೋಲು ಮಾತ್ರ ಯಾರ ಪಾಲಿಗೂ ಬರಲಿಲ್ಲ. ಅದನ್ನು ಆಸ್ತಿಯೆಂದು ಯಾರೂ ಎಣಿಸಲಿಲ್ಲ. ಅದು ಜಗಲಿಯ ಮೂಲೆಯಲ್ಲಿ ಗೋಡೆಗೆ ಒರಗಿಕೊಂಡು ಹಾಗೆಯೇ ನಿಂತಿತ್ತು.

ಉಮ್ಮ ಇದ್ದತ್ ಕುಳಿತ ಕೋಣೆಯ ಕಿಟಕಿ ಜಗಲಿಗೆ ತೆರೆಯುತ್ತದೆ. ನಾಲ್ಕು ತಿಂಗಳು ಹತ್ತು ದಿನ ಅವರ ಕಣ್ಣಿಗೆ ಬೀಳುತ್ತಿದ್ದುದು ಆ ಕೋಲು ಮತ್ತು ಅಂಗಳದ ಒಂದು ತುಂಡು. ಇದ್ದತ್ ಮುಗಿದ ಮೇಲೆ ದಿನಾ ಬೆಳಿಗ್ಗೆ ಜಗಲಿ ಗುಡಿಸುವಾಗ ಕೋಲಿನ ಧೂಳನ್ನೂ ಒರೆಸುತ್ತಿದ್ದರು. ಆದರೆ ಜಾಗ ಬದಲಿಸುತ್ತಿರಲಿಲ್ಲ, ನಮ್ಮನ್ನು ಮುಟ್ಟಲೂ ಬಿಡುತ್ತಿರಲಿಲ್ಲ. "ಅವರು ಇಟ್ಟ ಹಾಗೆ ಇರಲಿ" ಎನ್ನುತ್ತಿದ್ದರು.

ಹೀಗೆ ಎರಡು ಮಳೆಗಾಲ ಕಳೆದವು. ಕಳೆದ ವರ್ಷ ಜೂನಿನಲ್ಲಿ ಏಳನೆಯ ತರಗತಿಯ ನನ್ನ ಮಗ, ಉಮ್ಮ ಮಲಗಿದ್ದ ಹೊತ್ತು ನೋಡಿ, ಕೋಲನ್ನು ಅಂಗಳಕ್ಕೆ ತಂದ. ಒಂದು ಕಣ್ಣು ಮುಚ್ಚಿ ಬುಡದಿಂದ ತುದಿಯವರೆಗೆ ನೋಡಿ, "ಇದು ಬಾಗಿ ಹೋಗಿದೆ" ಎಂದ. ನಾನೂ ನೋಡಿದೆ. ಹತ್ತಡಿಯ ಕೋಲು, ಕೊನೆಯ ಮೂರಡಿ ಒಂದು ಬದಿಗೆ ವಾಲಿ, ತುದಿ ಹತ್ತಿರ ಹತ್ತಿರ ಒಂದು ಗೇಣು ಆಚೆ ಹೋಗಿತ್ತು.

ಮೀನು ಎಳೆಯುವಾಗ ಕೋಲು ಬಾಗಬೇಕು, ಬಾಗದ ಕೋಲಿನಲ್ಲಿ ದಾರ ತುಂಡಾಗುತ್ತದೆ. ಆದರೆ ಭಾರ ಇಳಿದ ಕೂಡಲೇ ಅದು ನೆಟ್ಟಗಾಗಬೇಕು. ನೆಟ್ಟಗಾಗಲು ಮರೆತ ಕೋಲಿನಲ್ಲಿ ಗಾಳ ಎಸೆದರೆ ನೋಡಿದ ಕಡೆ ಬೀಳುವುದಿಲ್ಲ. ಮೀನು ಕಚ್ಚಿ ನೀವು ಎತ್ತಿದಾಗ ತುದಿ ತಡವಾಗಿ ಏಳುತ್ತದೆ, ಅಷ್ಟರಲ್ಲಿ ಮೀನು ಹೋಗಿರುತ್ತದೆ.

ಪೇಟೆಯ ಒಂದು ಅಂಗಡಿಗೆ ಹೋಗಿ ವಿಚಾರಿಸಿದೆ. ಅಂಗಡಿಯಾತ ಬಿದಿರು ಎಂಬ ಶಬ್ದ ಕೇಳಿ ನಕ್ಕು, ಕಾರ್ಬನ್ ಫೈಬರಿನ ಕೋಲೊಂದನ್ನು ಕೈಗೆ ಕೊಟ್ಟ. ಗರಿಯಷ್ಟು ಹಗುರ. ಅದು ಬಾಗಿ ಉಳಿಯುವ ಜಾತಿಯದಲ್ಲ, ಮಿತಿ ಮೀರಿದರೆ ಮುರಿಯುತ್ತದೆ ಅಷ್ಟೆ. ಫೈಬರ್ ಗ್ಲಾಸಿನ ಕೋಲು ವರ್ಷಗಟ್ಟಲೆ ಒರಗಿ ನಿಂತರೆ ಸ್ವಲ್ಪ ಬಾಗುವುದುಂಟು, ಆದರೆ ಅದನ್ನು ಬಿಸಿ ಮಾಡಿ ಸರಿಪಡಿಸಲು ಹೋದರೆ ಒಳಗಿನ ಅಂಟು ಹಾಳಾಗುತ್ತದೆ. ಬಿಸಿಗೆ ಮೆತ್ತಗಾಗಿ, ತಣಿದಾಗ ಮತ್ತೆ ಗಟ್ಟಿಯಾಗುವ ಗುಣ ಬಿದಿರಿನದು. (ಒಂದು ಕಾಲದಲ್ಲಿ ಇಂಗ್ಲೆಂಡ್, ಅಮೆರಿಕಗಳ ಶ್ರೀಮಂತರ ಗಾಳದ ಕೋಲುಗಳಿಗೂ ಕಲ್ಕತ್ತಾದಿಂದ ಹೋದ ಬಿದಿರೇ ಬೇಕಿತ್ತು, ಚೀನಾದ ಬಿದಿರು ಬಂದ ಮೇಲೆ ನಮ್ಮದಕ್ಕೆ ಬೇಡಿಕೆ ಇಳಿಯಿತು. ಅಂಗಡಿಯಾತನಿಗೆ ಇದನ್ನು ಹೇಳುವ ಧೈರ್ಯವಾಗಲಿಲ್ಲ.)

ಆಗ ನನಗೆ ಅಣ್ಣನ ನೆನಪಾಯಿತು. ನಿಜ ಹೇಳಬೇಕೆಂದರೆ ಮೊದಲೇ ನೆನಪಾಗಿತ್ತು, ಹೋಗಲು ಮುಖವಿರಲಿಲ್ಲ.

ಅಣ್ಣನೆಂದರೆ ಬಾಪನ ಜೊತೆಗಾರ, ಹೊಳೆಯಾಚೆಯ ಮೊಗವೀರರು. ಬಾಪ ಅವರನ್ನು ಅಣ್ಣ ಎನ್ನುತ್ತಿದ್ದುದರಿಂದ ನಮಗೂ ಅಣ್ಣನೇ. ಕೂಳೂರಿನ ಬಳಿ ಫಲ್ಗುಣಿಯ ದಡದಲ್ಲಿ ಇಬ್ಬರೂ ಮೂವತ್ತು ವರ್ಷ ಪಕ್ಕಪಕ್ಕ ಕುಳಿತವರು. ಶುಕ್ರವಾರ ಅಂಗಡಿಗೆ ರಜೆ. ಜುಮುಅ ಮುಗಿಸಿ ಊಟ ಮಾಡಿ, ಏರುನೀರಿನ ಹೊತ್ತು ನೋಡಿಕೊಂಡು ಬಾಪ ಹೊರಡುತ್ತಿದ್ದರು. ಬಾಂಗ್ ಕೇಳಿದರೆ ಕಾಣೆ ಮೀನು ಕಚ್ಚುತ್ತಿದ್ದರೂ ದಾರ ಎಳೆದುಬಿಡುತ್ತಿದ್ದರು. ಸಬ್ತ್‌ನ ದಿನದಂದೇ ಮೀನುಗಳು ಮೇಲೆ ಬಂದು ಪರೀಕ್ಷೆಗೆ ಒಳಗಾದ ಜನರ ಕಥೆ ಕುರ್‌ಆನಿನಲ್ಲಿದೆಯಲ್ಲ, ಅದನ್ನು ಅಣ್ಣನಿಗೆ ಹೇಳಿ ನಗಿಸುತ್ತಿದ್ದರಂತೆ. ಬಾಪ ನಮಾಝ್ ಮುಗಿಸಿ ಬರುವವರೆಗೆ ಅವರ ಡಬ್ಬಿ, ಚಪ್ಪಲಿ ಎಲ್ಲ ಅಣ್ಣನ ಸುಪರ್ದಿಯಲ್ಲಿ. 2006ರ ಅಕ್ಟೋಬರಿನಲ್ಲಿ ಮಂಗಳೂರಿನಲ್ಲಿ ಗಲಭೆಯಾಗಿ ಕರ್ಫ್ಯೂ ಬಿದ್ದಾಗ ಇಬ್ಬರೂ ಮನೆಯೊಳಗೆ ಉಳಿದರು. ಕರ್ಫ್ಯೂ ತೆಗೆದ ಮೇಲೆ ಇಬ್ಬರೂ ಮೊದಲಿನ ಜಾಗಕ್ಕೇ ಬಂದು ಕುಳಿತರು. ಏನು ಮಾತಾಡಿದಿರಿ ಎಂದು ಕೇಳಿದರೆ, "ಏನಿದೆ ಮಾತಾಡಲು? ಮೀನು ಓಡುವುದಿಲ್ಲವೇ?" ಎಂದಿದ್ದರು ಬಾಪ.

ಬಾಪನ ಮಯ್ಯಿತ್ ಮನೆಯಲ್ಲಿದ್ದಾಗ ಅಣ್ಣ ಬಂದು ಗೇಟಿನ ಹೊರಗೆ ನಿಂತಿದ್ದರು. ಅಂಗಳದಲ್ಲಿ ಜನ, ಬಂಧುಗಳು, ಉಸ್ತಾದರು. ನಾನು ಅವರನ್ನು ನೋಡಿದೆ. ಈಗ ಒಳಗೆ ಕರೆಯುತ್ತೇನೆ, ಈಗ ಕರೆಯುತ್ತೇನೆ ಎಂದುಕೊಂಡೆ. ಆ ಗಡಿಬಿಡಿಯಲ್ಲಿ ಕರೆಯಲಿಲ್ಲ. ಬಾಪನನ್ನು ಎತ್ತಿಕೊಂಡು ಹೊರಟಾಗ ಅವರು ಮಸೀದಿಯ ತಿರುವಿನವರೆಗೆ ಹಿಂದೆ ಬಂದು ನಿಂತರು. ಆಮೇಲೆ ಹೋಗಿ ಮಾತಾಡಿಸಿ ಬರಬೇಕಿತ್ತು. ಹೋಗಲಿಲ್ಲ. ತಡವಾದಷ್ಟೂ ಹೋಗುವುದು ಕಷ್ಟವಾಯಿತು.

ಮಗನೊಡನೆ ಕೋಲು ಹಿಡಿದು ಹೋದ ನನ್ನನ್ನು ಅವರು ಏನೂ ಕೇಳಲಿಲ್ಲ. ಕೋಲನ್ನು ತೆಗೆದುಕೊಂಡು ಬೆಳಕಿಗೆ ತಿರುಗಿಸಿ, ಬುಡದ ಕಬ್ಬಿಣದ ಬಳೆಯನ್ನು ನೋಡಿದರು. ಅದಕ್ಕೆ ಗಾಳದ ಕೊಕ್ಕೆ ಸಿಕ್ಕಿಸಿತ್ತು, ದಾರ ತುದಿಯಿಂದ ಬುಡದವರೆಗೆ ಬಿಲ್ಲಿನ ಹೆದೆಯಂತೆ ಬಿಗಿದಿತ್ತು.

"ಇದನ್ನು ಹೀಗೆ ಕಟ್ಟಿದ್ದು ಯಾರು? ಸಾಯ್ಬೆರ್ ಯಾವತ್ತೂ ದಾರ ಬಿಗಿದು ಇಟ್ಟವರಲ್ಲ."

ಕಟ್ಟಿದ್ದು ನಾನೇ. ಆ ಸಂಜೆ ಬಾಪ ಎದೆ ಒತ್ತಿಕೊಂಡು ಹೊಳೆಯಿಂದ ಬಂದಾಗ ಅವರ ಕೈಯಿಂದ ಕೋಲು ತೆಗೆದುಕೊಂಡು, ದಾರ ಕಾಲಿಗೆ ಸಿಕ್ಕದಿರಲೆಂದು ಎಳೆದು ಬಿಗಿದು, ಮೂಲೆಗೆ ನಿಲ್ಲಿಸಿ ರಿಕ್ಷಾ ತರಲು ಓಡಿದ್ದೆ. ಉಮ್ಮ ಎರಡು ವರ್ಷ ಕಾಪಾಡಿಕೊಂಡು ಬಂದದ್ದು ಬಾಪ ಇಟ್ಟದ್ದನ್ನಲ್ಲ, ನಾನು ಇಟ್ಟದ್ದನ್ನು.

ಮಳೆಗಾಲದ ತೇವ ಕುಡಿಯುವುದು, ಬೇಸಗೆಯಲ್ಲಿ ಒಣಗುವುದು, ಎರಡೂ ಹೊತ್ತು ದಾರ ಒಂದೇ ಕಡೆಗೆ ಎಳೆಯುತ್ತಿರುವುದು. ಎರಡು ವರ್ಷದಲ್ಲಿ ಬಿದಿರು ಅದನ್ನೇ ತನ್ನ ಆಕಾರವೆಂದು ಒಪ್ಪಿಕೊಂಡಿತ್ತು.

ಅಣ್ಣ ಬಚ್ಚಲ ಒಲೆಯಲ್ಲಿ ಗೆರಟೆ ಉರಿಸಿ ಕೆಂಡ ಮಾಡಿದರು. ಬೆಂಕಿಯ ನಾಲಗೆ ಇರಬಾರದು, ಕೆಂಡ ಮಾತ್ರ. ಬಾಗಿದ ಭಾಗವನ್ನು ಅದರ ಮೇಲೆ ನಿಲ್ಲಿಸದೆ, ಹಿಂದೆ ಮುಂದೆ ಆಡಿಸುತ್ತ, ತಿರುಗಿಸುತ್ತ ಇದ್ದರು. ಒಂದೇ ಕಡೆ ಹಿಡಿದರೆ ಸಿಪ್ಪೆ ಕರಕಲಾಗುತ್ತದೆ; ಕೋಲಿನ ಬಲವೆಲ್ಲ ಇರುವುದು ಆ ಹೊರಗಿನ ಗಟ್ಟಿ ನಾರಿನಲ್ಲಿ. ಬುಡದ ಕಡೆಯ ಪೊಳ್ಳು ಗೆಣ್ಣುಗಳಿಗೆ ಶಾಖ ಹೆಚ್ಚಾದರೆ ಒಳಗಿನ ಗಾಳಿ ಹಿಗ್ಗಿ ಪಟಾಕಿಯಂತೆ ಸಿಡಿಯುತ್ತದೆ ಎಂದು ಹೇಳಿ ನನ್ನ ಮಗನನ್ನು ಹಿಂದೆ ಸರಿಸಿದರು. ಸ್ವಲ್ಪ ಹೊತ್ತಿಗೆ ಬಿದಿರಿನ ಮೈ ಮೇಲೆ ಎಣ್ಣೆಯಂತೆ ಪಸೆ ಹೊಳೆಯಿತು. "ಈಗ" ಎಂದು ಬೈರಾಸಿನಿಂದ ಒರೆಸಿ, ಮೊಣಕಾಲಿಗೆ ಕೊಟ್ಟು, ನೆಟ್ಟಗೆ ಮಾಡುವುದಕ್ಕಿಂತ ಒಂದಿಷ್ಟು ಹೆಚ್ಚೇ ಎದುರು ಬದಿಗೆ ಬಾಗಿಸಿ ಹಿಡಿದರು. ಬಿಟ್ಟಾಗ ಅಷ್ಟು ಹಿಂದೆ ಬರುತ್ತದಂತೆ. ಒದ್ದೆ ಬಟ್ಟೆ ಸುತ್ತಿ ತಣಿಯುವವರೆಗೆ ಹಾಗೆಯೇ ಹಿಡಿದಿದ್ದರು. ಎಂಬತ್ತರ ಹತ್ತಿರದ ಕೈಗಳು ನಡುಗುತ್ತಿದ್ದವು. ನಾನು ಹಿಡಿಯುತ್ತೇನೆಂದರೆ ಕೊಡಲಿಲ್ಲ.

ಗೆಣ್ಣಿನಿಂದ ಗೆಣ್ಣಿಗೆ ಹೀಗೆ ನಾಲ್ಕು ಸಲ ಆಯಿತು. ಕೊನೆಗೂ ಎರಡು ಬೆರಳಿನಷ್ಟು ವಾಲಿಕೆ ಉಳಿಯಿತು. ಇನ್ನೊಮ್ಮೆ ಕಾಯಿಸೋಣವೇ ಎಂದೆ. "ಬೇಡ. ಇನ್ನು ಕಾಯಿಸಿದರೆ ಒಣಗಿ ಮುರಿಯುತ್ತದೆ" ಎಂದು, ಕೋಲನ್ನು ಮಗನ ಕೈಯಲ್ಲಿಟ್ಟು ಅರ್ಧ ಸುತ್ತು ತಿರುಗಿಸಿದರು. ಬಾಗು ಮೇಲ್ಮುಖವಾಯಿತು. "ಹೀಗೇ ಹಿಡಿ. ಇನ್ನು ಮೀನೇ ಎಳೆದು ಸರಿಮಾಡುತ್ತದೆ."

ಹೊರಡುವಾಗ ಮಾಡಿನ ಸಂದಿಯಿಂದ ಒಂದು ಹಳೆಯ ಹಾಲಿನಪುಡಿ ಡಬ್ಬಿ ತೆಗೆದರು. ಸೀಸದ ಗುಂಡುಗಳು, ಎರಡು ಬೆಂಡು, ಕಾಗದದಲ್ಲಿ ಸುತ್ತಿದ ಗಾಳಗಳು. ಆ ಸಂಜೆ ಬಾಪ ದಡದಲ್ಲೇ ಬಿಟ್ಟು ಬಂದದ್ದು. ಗಾಳಗಳಿಗೆ ತುಕ್ಕು ಹಿಡಿದಿರಲಿಲ್ಲ, ತೆಂಗಿನೆಣ್ಣೆ ಹಚ್ಚಿದ್ದರು. "ಆ ದಿನ ಇದನ್ನೇ ಕೊಡಲು ಬಂದಿದ್ದೆ. ಯಾರ ಕೈಗೆ ಕೊಡುವುದು ಗೊತ್ತಾಗಲಿಲ್ಲ" ಎಂದರು. ಕ್ಷಮೆ ಕೇಳಬೇಕೆಂದು ದಾರಿಯುದ್ದಕ್ಕೂ ಸಿದ್ಧ ಮಾಡಿಕೊಂಡು ಬಂದಿದ್ದ ಮಾತು ನನ್ನ ಬಾಯಿಂದ ಹೊರಡಲಿಲ್ಲ. ಶುಕ್ರವಾರ ಮನೆಗೆ ಊಟಕ್ಕೆ ಬನ್ನಿ ಎಂದಷ್ಟೇ ಹೇಳಿದೆ. ಮೀನು ಸಿಕ್ಕಿದರೆ ಬರುತ್ತೇನೆ ಎಂದರು. ಟ್ರಾಲ್ ಬೋಟುಗಳಿಗೆ ರಜೆಯ ಕಾಲ, ಧಕ್ಕೆಯಲ್ಲಿ ಒಳ್ಳೆಯ ಮೀನಿಲ್ಲದ ದಿನಗಳು.

ಶುಕ್ರವಾರ ನನ್ನ ಮಗನಿಗೆ ಸಿಕ್ಕಿದ್ದು ಎರಡು ಕಾಣೆ, ಅದರಲ್ಲಿ ಒಂದು ಬೆರಳುದ್ದದ್ದು. ಅಣ್ಣನ ಚೀಲದಲ್ಲಿ ಐದಾರಿದ್ದವು. ಉಮ್ಮ ಮೆಟ್ಟುಕತ್ತಿ ಹಾಕಿಕೊಂಡು ಕುಳಿತು, ಏನೂ ಮಾತಾಡದೆ ಎಲ್ಲವನ್ನೂ ಶುಚಿ ಮಾಡಿದರು. ಬೆರಳುದ್ದದ್ದನ್ನೂ ಬಿಡಲಿಲ್ಲ. ಅಣ್ಣ ಜಗಲಿಯಲ್ಲಿ ಬಾಪನ ಕುರ್ಚಿ ಬಿಟ್ಟು ಪಕ್ಕದ ಬೆಂಚಿನಲ್ಲಿ ಕುಳಿತರು.

ರಾತ್ರಿ ಎಲ್ಲರೂ ಮಲಗಿದ ಮೇಲೆ ಜಗಲಿಯಲ್ಲಿ ಸದ್ದಾಯಿತು. ನೋಡಿದರೆ ಉಮ್ಮ. ಮಗ ಆತುರದಲ್ಲಿ ಮತ್ತೆ ಬಳೆಗೆ ಸಿಕ್ಕಿಸಿದ್ದ ಗಾಳವನ್ನು ಬಿಡಿಸಿ, ದಾರವನ್ನು ಸಡಿಲಾಗಿ ಕೋಲಿಗೆ ಸುತ್ತುತ್ತಿದ್ದರು. ಮೂಲೆಗೆ ಒರಗಿಸಲಿಲ್ಲ. ಗೋಡೆಯ ಮೇಲೆ ಕೊಡೆ ತೂಗುವ ಎರಡು ಮೊಳೆಗಳಿವೆ, ಅವುಗಳ ಮೇಲೆ ಅಡ್ಡಲಾಗಿ ಇಡಲು ನೋಡಿದರು. ಎಟುಕಲಿಲ್ಲ. ನನ್ನನ್ನು ಕಂಡು, "ಒಂದು ಸ್ಟೂಲು ತಾ" ಎಂದರು.