ಕನ್ನಡಿ ಇರುವ ಕ್ಯಾಮೆರಾ, ಕನ್ನಡಿ ಇಲ್ಲದ ಕ್ಯಾಮೆರಾ

ನಮ್ಮ ಮನೆಯಲ್ಲಿ ಈಗ ಎರಡು ಕ್ಯಾಮೆರಾಗಳಿವೆ. ಒಂದು ನನ್ನದು, ನಿಕಾನ್ ಡಿ 3100. ಅದು 2010ರಲ್ಲಿ ಮಾರುಕಟ್ಟೆಗೆ ಬಂತು. ಮರುವರ್ಷ ನಾನು ಹೈಸ್ಕೂಲಿನ ವಿಜ್ಞಾನ ಮೇಷ್ಟರ ಕೆಲಸದಿಂದ ನಿವೃತ್ತನಾದಾಗ ಕೈಗೆ ಬಂದ ದುಡ್ಡಿನಲ್ಲಿ ಕೊಂಡೆ. ಇನ್ನೊಂದು ಮೊಮ್ಮಗಳದ್ದು, ನಿಕಾನ್ ಝಡ್ 50, 2019ರ ಮಾದರಿ. ಪಿಯುಸಿ ಮುಗಿಸಿದ್ದಕ್ಕೆ ಅವಳಪ್ಪ ಕೊಡಿಸಿದ್ದು. ಎರಡೂ ಒಂದೇ ಕಂಪನಿಯವು, ಒಳಗಿನ ಸೆನ್ಸರ್‌ನ ಅಳತೆಯೂ ಹೆಚ್ಚುಕಡಿಮೆ ಒಂದೇ. ಪಕ್ಕಪಕ್ಕ ಇಟ್ಟು ನೋಡಲು ನ್ಯಾಯವಾದ ಜೋಡಿ.

ಹೊಸದು ಮನೆಗೆ ಬಂದ ವಾರವೇ ನನ್ನ ಮಗ, “ಅಪ್ಪಾ, ಹಳೇದನ್ನು ಎಕ್ಸ್‌ಚೇಂಜ್‌ಗೆ ಹಾಕಿಬಿಡೋಣ” ಎಂದ. ಅಂಗಡಿಯವರು ಫೋನಿನಲ್ಲಿ ಹೇಳಿದ ಬೆಲೆಯನ್ನು ಕೇಳಿ ನನ್ನಾಕೆ, “ಆ ದುಡ್ಡಿಗೆ ಒಂದು ಒಳ್ಳೆ ಮಿಕ್ಸಿಯೂ ಬರಲ್ಲವಲ್ಲರೀ” ಎಂದಳು. ನಾನು ಎರಡು ತಿಂಗಳು ಗಡುವು ಕೇಳಿದೆ. ಎರಡನ್ನೂ ಬಳಸಿ ನೋಡಿ ಆಮೇಲೆ ಹೇಳುತ್ತೇನೆ ಎಂದೆ. ಮನೆಯವರೆಲ್ಲ, ತಾತನಿಗೆ ಹಳೆಯದನ್ನು ಬಿಡಲು ಮನಸ್ಸಿಲ್ಲ ಎಂದು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಮೊದಲ ದಿನವೇ ನಾಲ್ಕನೇ ತರಗತಿಯ ಮೊಮ್ಮಗ ಬಂದು ನಿಂತ. “ತಾತ, ಅಕ್ಕನ ಕ್ಯಾಮೆರಾಕ್ಕೆ ಮಿರರ್‌ಲೆಸ್ ಅಂತಾರಲ್ಲ, ಹಾಗಾದರೆ ನಿನ್ನದರಲ್ಲಿ ಕನ್ನಡಿ ಎಲ್ಲಿದೆ?”

ಲೆನ್ಸ್ ಬಿಚ್ಚಿ ತೋರಿಸಿದೆ. ಒಳಗೆ ಅಂಚೆಚೀಟಿಗಿಂತ ಸ್ವಲ್ಪ ದೊಡ್ಡದಾದ ಕನ್ನಡಿಯೊಂದು 45 ಡಿಗ್ರಿ ಓರೆಯಾಗಿ ನಿಂತಿರುತ್ತದೆ. ಮಕ್ಕಳೇ, ನಿಮ್ಮ ಮನೆಯಲ್ಲೂ ಇಂಥ ಕ್ಯಾಮೆರಾ ಇದ್ದರೆ ನೋಡಿ, ಆದರೆ ಬೆರಳಿಡಬೇಡಿ. ಗೋಡೆಯ ಕನ್ನಡಿಗೆ ಲೇಪ ಗಾಜಿನ ಹಿಂದೆ ಇರುತ್ತದೆ. ಇದಕ್ಕೆ ಮುಂದೆಯೇ ಇರುತ್ತದೆ. ಗುರುತು ಬಿದ್ದರೆ ಒರೆಸುವುದು ಕಷ್ಟ. ಲೆನ್ಸ್‌ನಿಂದ ಬಂದ ಬೆಳಕು ಈ ಕನ್ನಡಿಗೆ ಬಡಿದು ಮೇಲಕ್ಕೆ ತಿರುಗಿ, ಅಲ್ಲೊಂದು ಪುಟ್ಟ ಪರದೆಯ ಮೇಲೆ ಬೀಳುತ್ತದೆ. ಕ್ಯಾಮೆರಾದ ತಲೆಯ ಮೇಲೆ ಗೋಪುರದಂತೆ ಉಬ್ಬಿದೆಯಲ್ಲ, ಅದರೊಳಗೆ ಇನ್ನಷ್ಟು ಕನ್ನಡಿಗಳಿವೆ. ಎಡಬಲ ಅದಲುಬದಲಾದ ಚಿತ್ರವನ್ನು ಅವು ಸರಿಮಾಡಿ ನಮ್ಮ ಕಣ್ಣಿಗೆ ತಲುಪಿಸುತ್ತವೆ. ದುಬಾರಿ ಕ್ಯಾಮೆರಾಗಳಲ್ಲಿ ಆ ಜಾಗದಲ್ಲಿ ಗಾಜಿನ ಗಟ್ಟಿ ಪಟ್ಟಕ ಇರುತ್ತದೆ. ನನ್ನಂಥವರು ಕೊಳ್ಳುವ ಕ್ಯಾಮೆರಾದಲ್ಲಿ ಬರೀ ಕನ್ನಡಿಗಳು. ಅದಕ್ಕೇ ಇದರ ಕಿಂಡಿ ಸ್ವಲ್ಪ ಚಿಕ್ಕದು, ಸ್ವಲ್ಪ ಮಬ್ಬು.

ಗುಂಡಿ ಒತ್ತಿದಾಗ ಕನ್ನಡಿ ಠಪ್ಪೆಂದು ಮೇಲಕ್ಕೆ ಹಾರುತ್ತದೆ, ಹಿಂದಿನ ಶಟರ್ ತೆರೆದು ಮುಚ್ಚುತ್ತದೆ, ಕನ್ನಡಿ ಮತ್ತೆ ಇಳಿಯುತ್ತದೆ. ಅಷ್ಟು ಹೊತ್ತು ಕಿಂಡಿಯಲ್ಲಿ ಕತ್ತಲು. ಅಂದರೆ ಚಿತ್ರ ದಾಖಲಾದ ಆ ಗಳಿಗೆಯನ್ನೇ ತೆಗೆದವನ ಕಣ್ಣು ನೋಡಿರುವುದಿಲ್ಲ! ಮೂವತ್ತು ವರ್ಷ ಬೆಳಕಿನ ಪ್ರತಿಫಲನದ ಪಾಠ ಮಾಡಿದವನಿಗೆ ಈ ತಮಾಷೆ ಇನ್ನೂ ಹಳತಾಗಿಲ್ಲ.

ಹೊಸದರಲ್ಲಿ ಕನ್ನಡಿಯೇ ಇಲ್ಲ. ಲೆನ್ಸ್ ಬಿಚ್ಚಿದರೆ ಸೆನ್ಸರ್ ಎದುರಿಗೇ ಹೊಳೆಯುತ್ತದೆ. (ಆದ್ದರಿಂದ ಗಾಳಿ, ಧೂಳು ಇರುವ ಕಡೆ ಬಿಚ್ಚಬಾರದು. ಮೊಮ್ಮಗಳು ಬಸ್‌ಸ್ಟ್ಯಾಂಡಿನಲ್ಲಿ ಬಿಚ್ಚಲು ಹೋದಾಗ ನಾನು ಕೂಗಿದ್ದು ಮೂರು ಪ್ಲಾಟ್‌ಫಾರಂಗೆ ಕೇಳಿಸಿರಬೇಕು.) ಬೆಳಕು ಯಾವಾಗಲೂ ಸೆನ್ಸರ್ ಮೇಲೆಯೇ ಬೀಳುತ್ತಿರುತ್ತದೆ, ಸೆನ್ಸರ್ ಕಂಡದ್ದನ್ನು ಕಿಂಡಿಯೊಳಗಿನ ಒಂದು ಪುಟಾಣಿ ಟೀವಿ ನಮಗೆ ತೋರಿಸುತ್ತದೆ. ಹಳೆಯದರ ಕಿಂಡಿಯಲ್ಲಿ ಕಾಣುವುದು ಎದುರಿಗಿರುವ ಜಗತ್ತು, ಹೊಸದರಲ್ಲಿ ಕಾಣುವುದು ಮೂಡಲಿರುವ ಚಿತ್ರ. ಫೋಟೋ ಕಪ್ಪಾಗುವುದಾದರೆ ಒತ್ತುವ ಮೊದಲೇ ಕಪ್ಪಾಗಿ ಕಾಣುತ್ತದೆ, ಬೆಳ್ಳಗಾಗುವುದಾದರೆ ಮೊದಲೇ ಬೆಳ್ಳಗೆ. ಮೊದಮೊದಲು ನನಗಿದು ಪರೀಕ್ಷೆಗೆ ಮುಂಚೆ ಉತ್ತರಪತ್ರಿಕೆ ಕೊಟ್ಟಂತೆ ಅನ್ನಿಸಿತು.

ಫೆಬ್ರುವರಿಯಲ್ಲಿ ಇಬ್ಬರೂ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಹೋದೆವು. ಅಲ್ಲಿ ಬಣ್ಣದ ಕೊಕ್ಕರೆಗಳೂ ಹೆಜ್ಜಾರ್ಲೆಗಳೂ ಊರಿನೊಳಗಿನ ಹುಣಸೆಮರಗಳ ಮೇಲೆಯೇ ಗೂಡು ಕಟ್ಟುತ್ತವೆ. ಕೆಳಗೆ ದನ ಕಟ್ಟಿರುತ್ತಾರೆ, ಮೇಲೆ ಹಕ್ಕಿಗಳ ಸಂಸಾರ. ನನ್ನ ಕ್ಯಾಮೆರಾ ಸೆಕೆಂಡಿಗೆ 3 ಚಿತ್ರ ತೆಗೆಯುತ್ತದೆ, ಅವಳದು 11. ನನ್ನದರಲ್ಲಿ ಫೋಕಸ್ ಹಿಡಿಯುವ ಬಿಂದುಗಳು 11, ಅವೂ ನಡುವೆ ಗುಂಪಾಗಿವೆ. ಅವಳದರಲ್ಲಿ 209, ಹೆಚ್ಚುಕಡಿಮೆ ಚಿತ್ರದ ಅಂಚಿನವರೆಗೆ ಹರಡಿವೆ. ಹೆಜ್ಜಾರ್ಲೆ ರೆಕ್ಕೆ ಬಿಚ್ಚಿ ಕೊಂಬೆಗೆ ಇಳಿಯುವಾಗ ನಾನು ಅದರ ಹಾದಿಯನ್ನು ಊಹಿಸಿ ಉಸಿರು ಹಿಡಿದು ಒಮ್ಮೆ ಒತ್ತುತ್ತಿದ್ದೆ. ಅವಳು ಒತ್ತಿ ಹಿಡಿದಳೆಂದರೆ ಕಡಲೆಕಾಯಿ ಹುರಿದಂತೆ ಚಟಚಟ.

ಅವಳಿಗೆ ಸಿಕ್ಕ ಚಿತ್ರ ನನಗೆ ಸಿಗಲಿಲ್ಲ. ಕಾಲು ಮುಂದೆ ಚಾಚಿ, ರೆಕ್ಕೆಯನ್ನು ಛತ್ರಿಯಂತೆ ಹಿಡಿದ ಆ ಒಂದು ಗಳಿಗೆ ನನ್ನ ಮೂರರ ನಡುವಿನ ಸಂದಿಯಲ್ಲಿ ಎಲ್ಲೋ ಬಿದ್ದುಹೋಗಿತ್ತು. ಆದರೆ ಮಧ್ಯಾಹ್ನದ ಹೊತ್ತಿಗೆ ಅವಳ ಬ್ಯಾಟರಿ ಮುಗಿಯಿತು. ಕಂಪನಿಯ ಲೆಕ್ಕದಲ್ಲೇ ನನ್ನದು ಒಂದು ಚಾರ್ಜ್‌ಗೆ ಸುಮಾರು 550 ಚಿತ್ರ, ಅವಳದು ಸುಮಾರು 300. ಪುಟಾಣಿ ಟೀವಿ ಉರಿಯಬೇಕಲ್ಲ, ಸುಮ್ಮನೆ ನೋಡುತ್ತ ನಿಂತರೂ ವಿದ್ಯುತ್ತು ಖರ್ಚು. ನನ್ನದರಲ್ಲಿ ಸ್ವಿಚ್ ಆಫ್ ಮಾಡಿದ್ದರೂ ಹಕ್ಕಿ ಕಾಣುತ್ತದೆ. “ತಾತ, ನಿಮ್ಮದು ಸ್ವಲ್ಪ ಕೊಡಿ” ಎಂದು ಅವಳು ಕೈ ಚಾಚಿದಾಗ ನನಗೆ ಎಷ್ಟು ಖುಷಿಯಾಯಿತೆಂದು ಇಲ್ಲಿ ಬರೆಯುವುದಿಲ್ಲ.

ಕ್ಯಾಮೆರಾ ಕೊಳ್ಳುವವರೆಲ್ಲ ಮೊದಲು ಕೇಳುವ ಮೆಗಾಪಿಕ್ಸೆಲ್ ವಿಷಯವನ್ನು ಬೇಗ ಮುಗಿಸಿಬಿಡುತ್ತೇನೆ. ನನ್ನದು 14.2, ಅವಳದು 20.9. ಕೇಳಿದರೆ ದೊಡ್ಡ ಅಂತರ ಅನ್ನಿಸುತ್ತದೆ. ಅಗಲದಲ್ಲಿ ಎಣಿಸಿದರೆ ನನ್ನದರಲ್ಲಿ 4608 ಚುಕ್ಕಿ, ಅವಳದರಲ್ಲಿ 5568. ಇಂಚಿಗೆ 300 ಚುಕ್ಕಿಯಂತೆ ಚೊಕ್ಕವಾಗಿ ಅಚ್ಚು ಹಾಕಿಸಿದರೂ ನನ್ನ ಹಳೆಯದು 15 ಇಂಚು ಅಗಲದ ಫೋಟೋ ಕೊಡುತ್ತದೆ. ನಮ್ಮ ನಡುಮನೆಯಲ್ಲಿ ತೂಗುಹಾಕಿರುವ ಯಾವ ಫೋಟೋವೂ ಅಷ್ಟು ದೊಡ್ಡದಿಲ್ಲ. ತೂಕವೂ ಹಾಗೆಯೇ. ಬ್ಯಾಟರಿ, ಕಾರ್ಡ್ ಸೇರಿ ನನ್ನದು 505 ಗ್ರಾಂ, ಅವಳದು 450. ಒಂದು ದಪ್ಪ ನಿಂಬೆಹಣ್ಣಿನ ವ್ಯತ್ಯಾಸ. ಭಾರ ನಿಜವಾಗಿ ಇಳಿದಿರುವುದು ಜೊತೆಗೆ ಬರುವ ಲೆನ್ಸ್‌ನಲ್ಲಿ, 265 ಗ್ರಾಂನಿಂದ 135ಕ್ಕೆ.

ಇಷ್ಟರವರೆಗೆ ಪಂದ್ಯ ಸಮಸಮ ಎಂದುಕೊಂಡಿದ್ದೆ. ಆದರೆ ನನ್ನ ಓರಗೆಯವರು ಗಮನವಿಟ್ಟು ಕೇಳಬೇಕಾದ್ದು ಇನ್ನು ಮುಂದಿದೆ. ನನಗೆ ಎಪ್ಪತ್ತು ದಾಟಿದೆ. ಒಂದು ಕಣ್ಣಿಗೆ ಪೊರೆಯ ಆಪರೇಷನ್ ಆಗಿದೆ. ಹಳೆಯ ಕ್ಯಾಮೆರಾದಲ್ಲಿ ಚಿತ್ರ ತೆಗೆದ ಮೇಲೆ ಸರಿಯಾಗಿ ಬಂದಿದೆಯೇ ಎಂದು ನೋಡಲು ಹಿಂದಿನ ಪರದೆಯನ್ನೇ ನೋಡಬೇಕು. ಅದಕ್ಕೆ ಓದುವ ಕನ್ನಡಕ ಬೇಕು. ದೂರದ ಕನ್ನಡಕ ತೆಗೆದು, ಜೇಬಿನಿಂದ ಇನ್ನೊಂದನ್ನು ತೆಗೆದು, ಬಿಸಿಲಿಗೆ ಕೈ ಅಡ್ಡ ಹಿಡಿದು ನೋಡುವಷ್ಟರಲ್ಲಿ ಹಕ್ಕಿ ಹೋಗಿ ಮೊಟ್ಟೆ ಇಟ್ಟಿರುತ್ತದೆ. ಹೊಸದರಲ್ಲಿ ತೆಗೆದ ಚಿತ್ರವನ್ನೂ ಅದೇ ಕಿಂಡಿಯೊಳಗೇ ನೋಡಬಹುದು. ಪಕ್ಕದಲ್ಲಿರುವ ಪುಟ್ಟ ತಿರುಪನ್ನು ನಮ್ಮ ಕಣ್ಣಿಗೆ ತಕ್ಕಂತೆ ಒಮ್ಮೆ ತಿರುಗಿಸಿಕೊಂಡರೆ ಸಾಕು, ಬಿಸಿಲಿನ ಕಾಟವಿಲ್ಲ, ಕನ್ನಡಕದ ಹುಡುಕಾಟವಿಲ್ಲ. ಇಷ್ಟು ವರ್ಷಗಳಲ್ಲಿ ನಾನು ತೆಗೆದ ಚಿತ್ರವನ್ನು ತೆಗೆದ ಜಾಗದಲ್ಲೇ ನಿಂತು ಸ್ಪಷ್ಟವಾಗಿ ಕಂಡದ್ದು ಆಗಲೇ.

ಇನ್ನೊಂದು ಸಂಗತಿ. ಫಿಲಂ ಕಾಲದ 50 ಎಂ.ಎಂ. ನಿಕಾನ್ ಲೆನ್ಸ್ ಒಂದು ನನ್ನ ಬಳಿ ಇದೆ, ಸಹೋದ್ಯೋಗಿಯೊಬ್ಬರು ಪ್ರೀತಿಯಿಂದ ಕೊಟ್ಟದ್ದು. ಅದನ್ನು ತಿರುಗಿಸಿ ಫೋಕಸ್ ಮಾಡುವ ಮೋಟಾರು ನನ್ನ ಡಿ 3100ರಲ್ಲಿಲ್ಲ. ಕೈಯಲ್ಲೇ ತಿರುಗಿಸಬೇಕು. ಆ ಮಬ್ಬು ಕಿಂಡಿಯಲ್ಲಿ ಈ ಕಣ್ಣಿಗೆ ಅದು ಆಗದ ಮಾತು, ಹಾಗಾಗಿ ಲೆನ್ಸ್ ಬೀರುವಿನಲ್ಲೇ ಮಲಗಿತ್ತು. ಹೊಸ ಕ್ಯಾಮೆರಾಕ್ಕೆ ಹಳೆಯ ಲೆನ್ಸ್ ನೇರವಾಗಿ ಕೂರುವುದಿಲ್ಲ, ನಡುವೆ ಒಂದು ಅಡಾಪ್ಟರ್ ಬೇಕು. ಅದರ ಉದ್ದ ಎಷ್ಟಿರಬೇಕು? ಮಕ್ಕಳು ಲೆಕ್ಕ ಹಾಕಿ. 1959ರಿಂದ ನಡೆದುಬಂದ ಹಳೆಯ ಪದ್ಧತಿಯಲ್ಲಿ ಲೆನ್ಸ್ ಕೂರುವ ಬಳೆಯಿಂದ ಫಿಲಂ ಅಥವಾ ಸೆನ್ಸರ್‌ವರೆಗಿನ ದೂರ 46.5 ಮಿಲಿಮೀಟರ್. ಆ ಕನ್ನಡಿ ಮೇಲೆ ಕೆಳಗೆ ಆಡಲು ಜಾಗ ಬೇಕಲ್ಲ, ಅದಕ್ಕೆ. ಕನ್ನಡಿ ಹೋದ ಮೇಲೆ ಹೊಸದರಲ್ಲಿ ಆ ದೂರ 16 ಮಿಲಿಮೀಟರಿಗೆ ಇಳಿದಿದೆ. ಕಳೆದರೆ 30.5. ಅಡಾಪ್ಟರ್ ಕನ್ನಡಿಯ ಕೋಣೆಯಷ್ಟು ಖಾಲಿ ಜಾಗವನ್ನು ಮತ್ತೆ ಒದಗಿಸುವ ಒಂದು ಕೊಳವೆ, ಅಷ್ಟೆ. ಹೊಸ ಲೆನ್ಸನ್ನು ಹಳೆಯ ಕ್ಯಾಮೆರಾಕ್ಕೆ ಹಾಕಲು ಏಕೆ ಆಗುವುದಿಲ್ಲ ಎಂಬುದೂ ಇದೇ ಲೆಕ್ಕದಲ್ಲಿದೆ, ಯೋಚಿಸಿ.

ಅಡಾಪ್ಟರ್ ಹಾಕಿದರೂ ಈ ಲೆನ್ಸ್ ತಾನಾಗಿ ಫೋಕಸ್ ಆಗುವುದಿಲ್ಲ. ಆದರೆ ಹೊಸ ಕಿಂಡಿಯಲ್ಲಿ ಒಂದು ಗುಂಡಿ ಒತ್ತಿದರೆ ಚಿತ್ರದ ತುಣುಕು ದೊಡ್ಡದಾಗಿ ಕಾಣುತ್ತದೆ. ನನ್ನಾಕೆ ವರಾಂಡದಲ್ಲಿ ಕುಳಿತು ಅವರೆಕಾಯಿ ಬಿಡಿಸುತ್ತಿದ್ದಳು. ಹತ್ತಡಿ ದೂರದಿಂದ ಅವಳ ಕಣ್ಣಿನ ರೆಪ್ಪೆಯ ಕೂದಲನ್ನು ಒಂದೊಂದಾಗಿ ಕಂಡು ಬಳೆ ತಿರುಗಿಸಿದೆ.

ಅವಳ ವಿಷಯ ಸ್ವಲ್ಪ ಹೇಳಬೇಕು. ನಲವತ್ತೇಳು ವರ್ಷದ ಸಂಸಾರದಲ್ಲಿ ಅವಳ ನಗುವ ಫೋಟೋ ಒಂದೂ ನಮ್ಮಲ್ಲಿಲ್ಲ. ಅವಳು ನಗುವುದಿಲ್ಲವೆಂದಲ್ಲ, ನಗಲು ಶುರುಮಾಡಿದರೆ ಎದುರುಮನೆಯವರೂ ಬಂದು ಏನೆಂದು ಕೇಳುತ್ತಾರೆ. ಕ್ಯಾಮೆರಾ ಕಂಡರೆ ಮಾತ್ರ ಸೆರಗು ಎಳೆದುಕೊಂಡು ಬ್ಯಾಂಕ್ ಪಾಸ್‌ಬುಕ್ಕಿನ ಮುಖ ಮಾಡುತ್ತಾಳೆ. ಗೊತ್ತಾಗದಂತೆ ತೆಗೆಯೋಣವೆಂದರೆ ನನ್ನ ಕ್ಯಾಮೆರಾದ ಕನ್ನಡಿ ಠಪ್ಪೆನ್ನುತ್ತದೆ. ಒಂದು ಚಿತ್ರದ ಸದ್ದು ಕೇಳಿದರೆ ಸಾಕು, ಎರಡನೆಯದಕ್ಕೆ ಪಾಸ್‌ಬುಕ್ ತಯಾರು.

ಹೊಸದರಲ್ಲಿ ಕನ್ನಡಿ ಇಲ್ಲದಿದ್ದರೂ ಶಟರ್ ಇದೆ, ಅದಕ್ಕೂ ಸಣ್ಣ ಸದ್ದಿದೆ. ಆದರೆ ಶಟರನ್ನೂ ಸುಮ್ಮನಿರಿಸುವ ಒಂದು ಬಗೆ ಇದೆ. ಆಗ ಸೆನ್ಸರ್ ತಾನೇ ಸಾಲುಸಾಲಾಗಿ ಚಿತ್ರವನ್ನು ಓದಿಕೊಳ್ಳುತ್ತದೆ, ಏನೂ ಕೇಳಿಸುವುದಿಲ್ಲ. ಇದರಲ್ಲೂ ಒಂದು ತೊಡಕುಂಟು. ಮೇಲಿನ ಸಾಲು ಓದಿ ಕೆಳಗಿನ ಸಾಲಿಗೆ ಬರುವಷ್ಟರಲ್ಲಿ ವೇಗದ ವಸ್ತು ಜರುಗಿರುತ್ತದೆ. ತಿರುಗುವ ಫ್ಯಾನಿನ ರೆಕ್ಕೆ ಕುಡುಗೋಲಿನಂತೆ ಬಾಗುತ್ತದೆ, ಬಸ್ಸಿನ ಕಿಟಕಿಯಿಂದ ತೆಗೆದ ಲೈಟುಕಂಬ ವಾಲುತ್ತದೆ. ಸೆಕೆಂಡಿಗೆ ನೂರು ಸಲ ಮಿನುಗುವ ಕೆಲವು ದೀಪಗಳ ಕೆಳಗೆ ತೆಗೆದರೆ ಚಿತ್ರದ ತುಂಬ ಪಟ್ಟೆಪಟ್ಟೆ. ವರಾಂಡದಲ್ಲಿ ಫ್ಯಾನೂ ಇಲ್ಲ, ದೀಪವೂ ಇರಲಿಲ್ಲ. ಮೊಮ್ಮಗ ಅವರೆಕಾಯಿಯಲ್ಲಿ ಹುಳ ಕಂಡು ಕಿರುಚಿಕೊಂಡ. ಅವಳು ತಲೆ ಹಿಂದಕ್ಕೆ ಹಾಕಿ ನಕ್ಕಳು. ನಾನು ಒತ್ತಿದೆ. ಅವಳಿಗೆ ಗೊತ್ತೇ ಆಗಲಿಲ್ಲ, ಇನ್ನೂ ಏಳು ಚಿತ್ರ ತೆಗೆದೆ.

ಸಂಜೆ ತೋರಿಸಿದಾಗ ಬಹಳ ಹೊತ್ತು ನೋಡಿದಳು. “ನಮ್ಮಮ್ಮನ ಥರಾನೇ ಕಾಣ್ತೀನಲ್ಲರೀ” ಎಂದಳು. ಆಮೇಲೆ, ಕೇಳದೆ ಫೋಟೋ ತೆಗೆಯೋದು ಯಾವ ಮರ್ಯಾದೆ ಎಂದು ಬೈದಳು. ಅದೂ ನ್ಯಾಯವೇ. ಸದ್ದಿಲ್ಲದ ಕ್ಯಾಮೆರಾ ಕೈಯಲ್ಲಿದ್ದವರು ತೆಗೆದ ಮೇಲಾದರೂ ತೋರಿಸಿ, ಇರಲೇ ಬೇಡವೇ ಎಂದು ಕೇಳಬೇಕು. ಇರಲಿ ಎಂದಳು. ಈಗ ಅದು ಗೋಡೆಯ ಮೇಲಿದೆ.

ಗಡುವು ಮುಗಿದಾಗ ಮನೆಯವರು ನಿರೀಕ್ಷಿಸಿದ್ದಕ್ಕೆ ತಿರುಗುಮುರುಗಾದ ತೀರ್ಮಾನ ಹೇಳಿದೆ. ಹೊಸ ಕ್ಯಾಮೆರಾ ಮುದುಕರ ಕಣ್ಣಿಗೆ ಹೇಳಿ ಮಾಡಿಸಿದ್ದು, ಮೊಮ್ಮಗಳು ಕಾಲೇಜಿಗೆ ಹೋದ ಹೊತ್ತಿನಲ್ಲಿ ಅದು ನನ್ನದು. (ಅವಳು ಒಪ್ಪಿದ್ದಾಳೆ, ಬ್ಯಾಟರಿ ಚಾರ್ಜ್ ಮಾಡಿಡುವ ಷರತ್ತಿನ ಮೇಲೆ.) ಹಳೆಯದನ್ನು ಮಾರುವುದಿಲ್ಲ, ಅದು ನಾಲ್ಕನೇ ತರಗತಿಯವನಿಗೆ. ಅದರಲ್ಲಿ ಚಿತ್ರ ಮೊದಲೇ ಕಾಣುವುದಿಲ್ಲವಾದ್ದರಿಂದ ಬೆಳಕು ಎಷ್ಟಿದೆ, ಶಟರ್ ಎಷ್ಟು ಹೊತ್ತು ತೆರೆದಿರಬೇಕು ಎಂದು ತಲೆಯಲ್ಲೇ ಅಂದಾಜು ಮಾಡಬೇಕು. ಬಿದ್ದರೂ ಅಷ್ಟು ಹೊಟ್ಟೆ ಉರಿಯುವುದಿಲ್ಲ.

ಭಾನುವಾರಕ್ಕೆ ಒಂದು ಆಟ ಮಾಡಿದ್ದೇವೆ. ಹಿಂದೆ ಫಿಲಂ ಒಂದು ರೋಲಿಗೆ 36 ಚಿತ್ರ ಬರುತ್ತಿತ್ತು. ಅವನಿಗೂ ದಿನಕ್ಕೆ 36, ಸಂಜೆಯವರೆಗೆ ಹಿಂದಿನ ಪರದೆ ನೋಡುವಂತಿಲ್ಲ. ಪ್ರತಿ ಚಿತ್ರದ ಶಟರ್ ವೇಗವನ್ನು ಪುಸ್ತಕದಲ್ಲಿ ಬರೆದುಕೊಳ್ಳಬೇಕು, ಸಂಜೆ ಕುಳಿತು ಫಲಿತಾಂಶ ತುಂಬಬೇಕು. ಕಳೆದ ವಾರದ ಪುಟದಲ್ಲಿ ಹೀಗಿತ್ತು: “ಬೆಕ್ಕು, 1/30, ಅಲ್ಲಾಡಿದೆ. ಬೆಕ್ಕು, 1/250, ಚೆನ್ನಾಗಿದೆ. ಬೆಕ್ಕು, 1/500, ಠಪ್ ಸದ್ದು ಕೇಳಿ ಓಡಿಹೋಯಿತು, ಬಾಲ ಮಾತ್ರ ಬಂದಿದೆ.”